ಅವ್ವ ಸಾರಿಸಿದ ನಕ್ಷೆ

ಹಸಿ ಸಗಣಿಯ ವಾಸನೆ ಬಂದರೆ ಇಂದಿಗೂ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಅದರ ಹಿಂದೆಯೇ ಮಾನ್ವಿಯ ನಮ್ಮ ಸಾಲೆ, ಅದರ ಮಣ್ಣಿನ ನೆಲ, ಆ ನೆಲದ ಮೇಲೆ ಮೊಣಕಾಲೂರಿದ ಅವ್ವನ ಬೆನ್ನು, ಒದ್ದೆಯಾದ ಸೆರಗು, ಎಲ್ಲ ಒಂದೊಂದಾಗಿ ಬರುತ್ತವೆ. ನಿಮ್ಮ ಮನೆಯಲ್ಲೂ ಅಂಥ ನೆಲವಿದ್ದಿರಬೇಕು. ಒಣಗಿದ ಮೇಲೆ ಬೆರಳಿನ ಕಮಾನುಗಳು ಸಾಲಾಗಿ ಉಳಿಯುತ್ತಿದ್ದವು, ನೆನಪಿದೆಯಲ್ಲ? ಯಾರ ಕೈಯೆಂದು ಕಮಾನು ನೋಡಿಯೇ ಹೇಳಬಹುದಿತ್ತು. ಅವ್ವನವು ಅಗಲವಾಗಿ, ಸ್ವಲ್ಪ ಎಡಕ್ಕೆ ವಾಲಿರುತ್ತಿದ್ದವು.

ಆಗಿನ್ನೂ ನಿಜಾಮರ ಆಳ್ವಿಕೆ, ಸಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಹೆಣ್ಣಿಗೆ ಓದು ಯಾಕೆ ಎಂದ ಅಪ್ಪನೊಂದಿಗೆ ವರ್ಷವಿಡೀ ಗುದ್ದಾಡಿ ನನ್ನನ್ನು ಸೇರಿಸಿದವಳು ಅವ್ವ. ಸಾಲೆಯ ನೆಲವನ್ನು ಹದಿನೈದು ದಿನಕ್ಕೊಮ್ಮೆ ಮಕ್ಕಳ ಮನೆಯವರು ಪಾಳಿಯ ಮೇಲೆ ಸಾರಿಸಬೇಕಿತ್ತು. ಪಾಳಿ ಬಂತೆಂದರೆ ಉಳಿದವರು ಗೊಣಗುವರು, ಅವ್ವ ಮಾತ್ರ ದಾರಿ ಕಾಯುವಳು. ಹೊಲದ ಕೂಲಿ ಮಾಡುತ್ತಿದ್ದ, ಒಂದಕ್ಷರ ಬಾರದ ಅವಳಿಗೆ ಮಗಳ ಸಾಲೆಯಲ್ಲಿ ಕೈಗೆಟಕುವ ಕೆಲಸ ಅದೊಂದೇ. "ನೀ ಕಲೀ ಯವ್ವಾ, ನೀ ಕುಂದ್ರೋ ನೆಲಾ ನಾ ನೋಡ್ಕೊಂತೀನಿ" ಎನ್ನುತ್ತಿದ್ದಳು.

ಆ ವರ್ಷ ರಾಯಚೂರಿನಿಂದ ಹೊಸ ಮಾಸ್ತರರು ಬಂದಿದ್ದರು. ತನಿಖೆಗೆ ಸಾಹೇಬರು ಬರುತ್ತಾರೆಂದು ಎರಡು ದಿನ ಬಗ್ಗಿ ಕೂತು, ನೆಲದ ತುಂಬ ಸೀಮೆಸುಣ್ಣದಿಂದ ನಮ್ಮ ಸೀಮೆಯ ನಕ್ಷೆ ಬರೆದರು. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ರಾಯಚೂರು, ದೇವದುರ್ಗ, ಮಾನ್ವಿ. ಅಳಿಸಿಹೋದೀತೆಂದು ನಾವು ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದೆವು. ಮರುದಿನ ಬೆಳಿಗ್ಗೆ ಅವ್ವನ ಪಾಳಿಯೆಂಬುದು ಮಾಸ್ತರರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಲು ಮರೆತೆ.

ನಾವು ಹೋಗುವಷ್ಟರಲ್ಲಿ ನೆಲ ಹಸಿಹಸಿಯಾಗಿ ಮಿರುಗುತ್ತಿತ್ತು. ಮಕ್ಕಳು ಗೀಚಿ ಹೊಲಸು ಮಾಡಿದ್ದಾರೆಂದು ತಿಳಿದು ಅವ್ವ ಎರಡೆರಡು ಸಲ ತಿಕ್ಕಿ ಸಾರಿಸಿದ್ದಳು. ನದಿಗಳೂ ಇರಲಿಲ್ಲ, ಊರುಗಳೂ ಇರಲಿಲ್ಲ. ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತವಳು ನನ್ನನ್ನು ಕಂಡು, ಚಂದ ಆಗಿದೆಯಲ್ಲ ಎನ್ನುವಂತೆ ನಕ್ಕಳು. ಮಾಸ್ತರರ ಮುಖ ಕಪ್ಪಿಟ್ಟಿತು.

"ಸಾಹೇಬ್ರು ಬರೋ ಹೊತ್ತಾತು! ನಮ್ಮ ಸೀಮಿ ನಕ್ಷಾ ಎಲ್ಲಾ ಅಳಿಸಿ ಹಾಳ ಮಾಡ್ಯಾಳ. ಯಾರವ್ವ ಈಕಿ?"

ಗೆಳತಿಯರು ಹೆದರಿ ನನ್ನ ಕಡೆ ನೋಡಿದರು. ನಾನು ಅವ್ವನ ಸಗಣಿ ಕೈ ನೋಡಿದೆ, ಆಮೇಲೆ ನನ್ನ ಕಾಲ ಬೆರಳು ನೋಡುತ್ತ ನಿಂತೆ. ನಾಚಿಕೆಯಾಗಿತ್ತು. ಸುಳ್ಳು ಹೇಳುವುದಿಲ್ಲ, ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಅವ್ವ ಒಂದು ಗಳಿಗೆ ನನ್ನ ಮಾತಿಗೆ ಕಾದಳು.

"ಯಾರವ್ವನೂ ಅಲ್ರೀ ಯಪ್ಪಾ, ಕೂಲಿಗೆ ಬಂದಾಕಿ. ತಪ್ಪಾತ್ರೀ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಸಾಹೇಬರು ಬಂದರು. ನೆಲ ಚೊಕ್ಕಟವಾಗಿದೆ ಎಂದು ಮೆಚ್ಚಿ ಹೋದರು. ಆ ಬೆಳಗಿನ ಮಾತು ಎತ್ತಬೇಕಾಗುತ್ತದೆಂದು ಅದನ್ನೂ ನಾನು ಅವ್ವನಿಗೆ ಹೇಳಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತ ಅವಳೇ ಕೇಳಿದಳು: "ಆ ಚಿತ್ರದಾಗ ನಮ್ಮ ಮಾನ್ವಿನೂ ಇತ್ತೇನು?" ಇತ್ತು ಎಂದೆ. "ಅಯ್ಯ, ನಾ ನೋಡಲೇ ಇಲ್ಲ ನೋಡು" ಎಂದಳು, ಅಷ್ಟೇ. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುಂದಿನ ಪಾಳಿಗೆ ಪಕ್ಕದ ಮನೆಯವಳನ್ನು ಕಳಿಸಿದಳು. ಮತ್ತೆಂದೂ ನನ್ನ ಸಾಲೆಯ ಹೊಸ್ತಿಲು ತುಳಿಯಲಿಲ್ಲ.

ನಾನು ಓದಿ ದೇವದುರ್ಗದಲ್ಲಿ ಶಿಕ್ಷಕಿಯಾದೆ. ಬಾಗಿಲ ಬಳಿ ಹಿಂಜರಿದು ನಿಂತ ತಾಯಂದಿರನ್ನು ಕೈ ಹಿಡಿದು ಒಳಗೆ ಕರೆದು ಕೂರಿಸಿದೆ. ಅದರಿಂದ ಅವ್ವನ ಋಣವೇನೂ ತೀರಲಿಲ್ಲ. ಅವಳು ಹೋಗಿ ಬಹಳ ವರ್ಷಗಳಾದ ಮೇಲೆ ಒಮ್ಮೆ ಮಾನ್ವಿಯ ಆ ಸಾಲೆಗೆ ಹೋದೆ. ನೆಲಕ್ಕೆ ಶಹಾಬಾದಿ ಕಲ್ಲು ಹಾಸಿದ್ದರು. ಖಾಲಿ ಕೋಣೆಯ ನಡುವೆ ನಿಂತು, "ನಮ್ಮವ್ವರೀ ಮಾಸ್ತರ, ಆಕಿ ನಮ್ಮವ್ವ" ಎಂದೆ.

ಹೊರಗೆ ಕಸ ಗುಡಿಸುತ್ತಿದ್ದ ಹೆಂಗಸು ಬಗ್ಗಿ ನೋಡಿ, "ಏನಂದ್ರಿ ಯವ್ವಾ?" ಎಂದಳು. ಏನಿಲ್ಲ ಎಂದು ಹೊರಗೆ ಬಂದೆ.