ಸಿಸ್ಟರ್ ಅಂದ ‘ಹನಿ’

ಅದು 2021ನೇ ಇಸವಿ. ಮದುವೆಯಾಗಿ ಕಲಬುರಗಿ ಕಡೆಯ ಹಳ್ಳಿಯಿಂದ ನಾಸಿಕ್ ರೋಡ್‌ಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗ ನಾನು ಮೂರು ತಿಂಗಳ ಬಸುರಿ. ಸಂಭಾಜಿನಗರದ ಚಿಕಲಠಾಣಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಹೊಟ್ಟೆಯ ಬಲಗಡೆ ತಡೆಯಲಾರದ ನೋವು ಶುರುವಾಯಿತು. ಆಸ್ಪತ್ರೆಯಲ್ಲಿ ನೋಡಿ, ಅಪೆಂಡಿಕ್ಸ್, ಈಗಲೇ ಆಪರೇಷನ್ ಆಗಬೇಕು ಎಂದರು. ಕೂಸಿನ ಗತಿ ಏನು ಎಂದು ಅಕ್ಕ ಕೇಳಿದಳು. ತಡ ಮಾಡಿದರೆ ಇಬ್ಬರಿಗೂ ಅಪಾಯ ಎಂದರಂತೆ. ನನ್ನ ಗಂಡ ಇನ್ನೂ ನಾಸಿಕ್‌ನಿಂದ ಬರುವ ದಾರಿಯಲ್ಲಿದ್ದರು.

ಎಚ್ಚರವಾದಾಗ ಮಧ್ಯಾಹ್ನ. ಅಕ್ಕನನ್ನು ಒಳಗೆ ಬಿಟ್ಟಿರಲಿಲ್ಲ. ಬಾಯಿ ಒಣಗಿ ನಾಲಿಗೆಯೇ ಹೊರಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಸಿಸ್ಟರ್‌ಗೆ ಸನ್ನೆ ಮಾಡಿ ನೀರು ಕೇಳಿದೆ. ನನಗೆ ಮರಾಠಿ ಬರದೆಂದು ಗೊತ್ತಿತ್ತೇನೋ, ಅವರು ಬೇಡವೆಂದು ತಲೆಯಾಡಿಸುತ್ತ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು ಕಡೆಯ ಒಂದೇ ಶಬ್ದ, “ಹನಿ”.

ಇವರಿಗೆ ಕನ್ನಡ ಬರುತ್ತದೆ, ಒಂದು ಹನಿಯಾದರೂ ಕೊಡುತ್ತಾರೆ ಎಂದುಕೊಂಡೆ. ಅಷ್ಟೇ, ಎದೆಯಲ್ಲಿ ಹಿಡಿದಿಟ್ಟದ್ದೆಲ್ಲ ಹೊರಗೆ ಬಂತು.

“ಒಂದ್ ಹನಿ ಸಾಕ್ರಿ ಅಕ್ಕಾರ. ಇಲ್ಲಂದ್ರ ನೀರೂ ಬ್ಯಾಡ. ನನ್ನ ಕೂಸು ಅದನೋ ಇಲ್ಲೋ, ಅದೊಂದ್ ಹೇಳ್ರಿ.”

ಅವರು ಏನು ಎಂಬಂತೆ ನನ್ನ ಮುಖ ನೋಡಿದರು. ನನ್ನ ಒಂದು ಮಾತೂ ಅವರಿಗೆ ತಿಳಿದಿಲ್ಲವೆಂದು ಆಗ ಗೊತ್ತಾಗಿ ನನಗೆ ಅಳು ಬಂತು. ಆದರೆ ಅವರ ಕಣ್ಣು ನನ್ನ ಹೊಟ್ಟೆಯ ಮೇಲಿದ್ದ ಕೈಯತ್ತ ಹೋಯಿತು. ಬಾಗಿ, ಆ ಕೈಯ ಮೇಲೆ ತಮ್ಮ ಕೈ ಇಟ್ಟು, ನಿಧಾನವಾಗಿ ಹೇಳಿದರು:

“ಬೇಬಿ ಓಕೆ. ಬೇಬಿ ಓಕೆ, ಹನಿ.”

ನಾನು ನಂಬದವಳಂತೆ ನೋಡುತ್ತಿದ್ದೆನೇನೋ, ಹೊರಗೆ ಹೋಗಿ ಅಕ್ಕನನ್ನೇ ಕರೆತಂದರು. ನಡೆದದ್ದನ್ನೆಲ್ಲ ನಾನು ಅಕ್ಕನಿಗೆ ಹೇಳಿದೆ, ಅವಳು ಅದನ್ನು ಸಿಸ್ಟರ್‌ಗೆ ಮರಾಠಿಯಲ್ಲಿ ಹೇಳಿದಳು. ಅವರು ನಕ್ಕು ಏನೋ ಉತ್ತರಿಸಿದರು.

“ಹುಚ್ಚಿ, ಅದು ನೀರಿನ ಹನಿ ಅಲ್ಲ,” ಎಂದಳು ಅಕ್ಕ. “ಇಂಗ್ಲಿಷ್‌ದಾಗ ಹನಿ ಅಂದ್ರ ಜೇನಂತ. ಜೀವದವ್ರಿಗೆ ಹಂಗ ಕರೀತಾರಂತ.”

ಡಾಕ್ಟರನ್ನು ಕೇಳಿಬಂದು ಸಿಸ್ಟರ್ ಒದ್ದೆ ಹತ್ತಿಯಿಂದ ನನ್ನ ತುಟಿ ತೇವ ಮಾಡಿದರು. ಸಂಜೆ ಅವರ ಡ್ಯೂಟಿ ಮುಗಿಯಿತು, ಮತ್ತೆ ಕಾಣಲಿಲ್ಲ. ಹೆಸರು ಕೇಳುವುದೂ ತೋಚಲಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮರಾಠಿ ನನಗೂ ಬರುತ್ತದೆ. ಅವರು ಎದುರಿಗೆ ಸಿಕ್ಕರೆ ಹೇಳುವುದು ಬಹಳ ಇದೆ. ಆದರೆ ಅದು ಕೊರೊನಾ ಕಾಲ. ಮಾಸ್ಕಿನ ಮೇಲಿನ ಆ ಎರಡು ಕಣ್ಣು ಬಿಟ್ಟರೆ ಅವರ ಮುಖವನ್ನು ನಾನು ನೋಡೇ ಇಲ್ಲ.