ಬಳೆ ಸದ್ದಿಗೆ ಉಣ್ಣುವ ಮರಿಗಳು

ಟರ್ಕಿ ಕೋಳಿಯ ಮರಿಗಳಿಗೆ ಕಾಳು ಕುಕ್ಕುವುದನ್ನೂ ಕಲಿಸಬೇಕೆಂದು ಬಿಲ್ಕೀಸಳಿಗೆ ಯಾರೂ ಹೇಳಿರಲಿಲ್ಲ. ಗಂಡ ಅಶ್ಫಾಕ್ ಗುತ್ತೂರಿನ ಮನೆಯ ಹಿತ್ತಲಿಗೆ ತಂದಿಳಿಸಿದ ಹನ್ನೆರಡು ಟರ್ಕಿ ಮರಿಗಳು ಕಾಳಿನ ತಟ್ಟೆಯ ಮುಂದೆಯೇ ಉಪವಾಸ ನಿಂತಾಗ, ಅವಳು ತಾಯಿಕೋಳಿಯ ಹಾಗೆ ಬೆರಳಿನಿಂದ ತಟ್ಟೆ ಕುಟ್ಟಿ ತೋರಿಸಿದಳು. ಬಳೆಗಳು ಘಲ್ಲೆಂದವು, ಮರಿಗಳು ತಿಂದವು. ಎರಡು ವಾರದಲ್ಲಿ, ಬಳೆಯ ಸದ್ದಿಲ್ಲದೆ ಒಂದೂ ಕೊಕ್ಕು ತೆರೆಯದ ಹಾಗಾಯಿತು. ಅಶ್ಫಾಕ್ ಚಮಚದಿಂದ ಕುಟ್ಟಿದ, ಕೀಲಿಗೊಂಚಲು ಅಲ್ಲಾಡಿಸಿದ. ಅವು ತಿರುಗಿಯೂ ನೋಡಲಿಲ್ಲ.

ಮರಿಗಳಿಗಾಗಿ ಬಿಲ್ಕೀಸ್ ಸಂತೆಗೆ ಹೋಗುವುದು ಬಿಟ್ಟಳು, ತವರಿಗೆ ಹೋಗುವುದೂ ಬಿಟ್ಟಳು. ತಂಗಿ ಸನೋಬರಳ ಮದುವೆಗೆ ಮಾತ್ರ ಹಟ ಹಿಡಿದು, ಮರಿ ಕಾಯಲು ಗಂಡನನ್ನು ಬಿಟ್ಟು ದಾವಣಗೆರೆ ಬಸ್ಸು ಹತ್ತಿದಳು.

ಶಾದಿಮಹಲಿನಲ್ಲಿ ಬಿರಿಯಾನಿಯ ಮುಂದೆ ಕೂತಿದ್ದಾಗ ಅಶ್ಫಾಕನ ವಿಡಿಯೊ ಕಾಲ್ ಬಂತು.

“ಬೆಳಿಗ್ಗೆಯಿಂದ ಒಂದ್ ಕಾಳೂ ಮುಟ್ಟಿಲ್ಲ. ಸ್ವಲ್ಪ ಬಳೆ ಅಲ್ಲಾಡ್ಸು.”

ತುತ್ತಿಗೆ ಚಾಚಿದ್ದ ಬಲಗೈಯನ್ನೇ ಎತ್ತಿ ಅಲ್ಲಾಡಿಸಿದಳು. ಫೋನಿನಾಚೆ ಕೊಕ್ಕುಗಳ ಟಕಟಕ ಶುರುವಾಯಿತು.

“ತಿಂತಾವ್ ನೋಡು! ಕೈ ನಿಲ್ಲಿಸ್‌ಬ್ಯಾಡ.”

“ನಾನು ಉಣ್ಣೋದು ಯಾವಾಗ್ರಿ?”

“ಇವು ಉಂಡ್ಮ್ಯಾಲೆ ಉಣ್ಣುವಿಯಂತೆ. ಇನ್ಮ್ಯಾಲೆ ನೀ ಎಲ್ಲಿಗ್ ಬೇಕಾದ್ರೂ ಹೋಗು, ಫೋನ್ ಐತಲ್ಲ!”

ಬಿರಿಯಾನಿ ಆರಿತು. ಅವಳ ಬಲಗೈ ಇನ್ನೂ ಗಾಳಿಯಲ್ಲೇ ಘಲ್ಲೆನ್ನುತ್ತಿತ್ತು.