ಕೂಲರಿನ ಖಸ್ ಕದ್ದವರು

ಯಾರ ಮುಂದೂ ಹೇಳಬ್ಯಾಡ್ರಿ, ನನ್ನಾಣಿ ಐತಿ. ಪಕ್ಕದ ಮನಿ ಶಾಂತಾ, ತನ್ನ ಕೂಲರಿನ ಖಸ್, ಅದ ತಂಪಿನ ಲಾವಂಚದ ಬೇರು, ನಾನೇ ಕದ್ದೀನಂತ ಓಣಿ ತುಂಬ ಹೇಳ್ಕೋಂತ ತಿರಗ್ಯಾಳಲ್ಲ? ನಿನ್ನೆ ಅಡಗಿ ಕೆಲಸಕ್ಕ ಸಾವನೇರ ಊರಿಗೆ ಹೊಂಟಾಗ ಆಕಿ ಗಂಡ ಬೈಕಿನ ಮ್ಯಾಲ ಕೂಡಿಸ್ಕೊಂಡ. ಉರಿಬಿಸಲಾಗ ದಪ್ಪ ರೈಡಿಂಗ್ ಜಾಕೀಟು, ಮೊಣಕೈಯಿಂದ ತಟತಟ ನೀರು, ಮ್ಯಾಲೆ ಖಸ್ ವಾಸನಿ.

"ಏನೋ ತಮ್ಮಾ ಇದು?"

"ಜಾಕೀಟಿನ ಮೊಣಕೈ ಪ್ಯಾಡ್ ತಗದು ಕೂಲರಿನ ಖಸ್ ತೋಯಿಸಿ ತುಂಬೀನ್ರಿ ಅಕ್ಕಾ. ಏಸಿ ಇದ್ದಂಗ ಐತಿ."

"ಬಿದ್ರ?"

"ಬಿದ್ರೂ ತಂಪಾಗೇ ಬೀಳ್ತೀನ್ರಿ."

ಮುಂದಿನ ತಿರುವಿನ್ಯಾಗ ಬಿದ್ದ. ನಾನು ಅವನ ಮ್ಯಾಲೆ ಬಿದ್ದೆ, ನನಗೇನೂ ಆಗಲಿಲ್ಲ. ಅವನ ಮೊಣಕೈ ತೊಗಲು ಸುಲೀತು.

"ಶಾಂತಾಗ ಹೇಳಬ್ಯಾಡ್ರಿ ಅಕ್ಕಾ" ಅಂತ ಕೈ ಮುಗದ. ನಾನೂ ಹೂಂ ಅಂದೀನಿ. ಆದ್ರ ಕಳ್ಳಿ ಅನ್ನಿಸ್ಕೊಂಡು ಎಷ್ಟು ದಿನ... ತಡೀರಿ, ಯಾರೋ ಬಾಗಲಾ ಬಡದ್ರು.

ಬಾ ಶಾಂತಾ, ಬಾ. ಗಂಡನ ಜಾಕೀಟು ಒಣಗಿತೇನು?